ಯಾರೂ ಬಾರದ ಗಂಟೆ

ಡಂಡಿಯಲ್ಲಿ ಬೆಳಗಿನ ಆರೂವರೆ ಅಂದರೆ ಇನ್ನೂ ರಾತ್ರಿಯೇ.
ಟೇ ನದಿಯ ಗಾಳಿ ರೈಲುಸೇತುವೆ ದಾಟಿ ಬಂದು
ಪ್ರಯೋಗಶಾಲೆಯ ಹಿಂಬಾಗಿಲನ್ನು ಅಲ್ಲಾಡಿಸಿ ನೋಡುತ್ತದೆ.
ಇಶ್ಬೆಲ್ ಸ್ಟೂಲು ಹತ್ತಿ ಕಾವುಪೆಟ್ಟಿಗೆಯ ತಟ್ಟೆ ಎಳೆಯುತ್ತಾಳೆ:
ಮೂವತ್ತು ಮೊಟ್ಟೆ, ಎರಡೂವರೆ ದಿನದವು,
ಅಂಗೈಯಷ್ಟೇ ಬಿಸಿ.

ಸ್ಟೂಲು ಅವಳದೇ. ಅಡಿಯಲ್ಲಿ ಸೀಸದಲ್ಲಿ ಬರೆದಿದ್ದಾಳೆ:
'ಇದನ್ನು ಕದ್ದವರ ಕಾಲು ಗಿಡ್ಡವಾಗಲಿ.'

ಕತ್ತರಿಯ ತುದಿಯಿಂದ ಚಿಪ್ಪಿಗೊಂದು ಕಿಟಕಿ.
ಹಳದಿಯ ಮೇಲೆ ಅಲ್ಪವಿರಾಮದಂಥ ಜೀವ,
ನಡುವೆ ಕೆಂಪು ಚುಕ್ಕಿ, ಆಗಲೇ ಬಡಿಯುತ್ತಿದೆ
ಯಾರೂ ಹೇಳಿಕೊಡದೆ.
ಹೇಳಿಕೊಡದೆ ಅಂದದ್ದು ತಪ್ಪು.
ಇಲ್ಲಿ ಹೇಳದೆ ಕೇಳದೆ ಏನೂ ಆಗುವುದಿಲ್ಲ.

ಗ್ರಾಹಕ ಅನ್ನುತ್ತೇವೆ ನಾವು, ಅಂಗಡಿಗೆ ಬಂದವರನ್ನು ಅಂದಂತೆ.
ಇದು ಎಲ್ಲಿಗೂ ಬಂದದ್ದಲ್ಲ; ಹೊಸ್ತಿಲಲ್ಲೇ ನೆಟ್ಟದ್ದು.
ತಲೆ ಹೊರಗೆ, ಬಾಲ ಒಳಗೆ,
ಸೊಂಟ ಕೋಶದ ಎಣ್ಣೆಗೋಡೆಯಲ್ಲಿ.
ಒಂಟಿಯಾಗಿದ್ದಷ್ಟು ಹೊತ್ತು ಮೂಗ.
ಹೊರಗಿಂದೊಂದು ಅಣು ಬಂದು ಎರಡರ ಕೈ ಕೂಡಿಸಬೇಕು,
ಸಕ್ಕರೆಯ ಸರವೊಂದು ನಡುವೆ ನಿಂತು ಸಾಕ್ಷಿ ಹೇಳಬೇಕು.
ಆಗ ಒಳಗಿನ ಕತ್ತಲಲ್ಲಿ ಬಾಲಕ್ಕೆ ಬಾಲ
ರಂಜಕದ ಬೊಟ್ಟಿಡುತ್ತದೆ.
ಬೊಟ್ಟು ಕಂಡವರು ಬರುತ್ತಾರೆ, ಅವರ ಬೆನ್ನಿಗೆ ಇನ್ನೊಬ್ಬರು,
ಕಿವಿಯಿಂದ ಕಿವಿಗೆ, ನಡುಮನೆಯ ತನಕ:
ಸೀಳು. ಸರಿ. ಎಲುಬಾಗು. ತಾಳು.
ಸುದ್ದಿ ಮುಟ್ಟಿದ ಮೇಲೆ ಕೋಶ
ತಂದವನನ್ನೂ ಬಾಗಿಲನ್ನೂ ಒಟ್ಟಿಗೇ ಮಡಚಿ ನುಂಗುತ್ತದೆ.
ಮನೆಯೆಂದ ಮೇಲೆ ನಿಶ್ಶಬ್ದವೂ ಬೇಕಲ್ಲ.

ಇವತ್ತಿನ ಕೆಲಸ: ರಾಗಿಯ ಕಾಲು ಭಾಗದಷ್ಟು ಮಣಿ,
ಬೆಳವಣಿಗೆಯ ಅಣುವಿನಲ್ಲಿ ನೆನೆದದ್ದು.
ರೆಕ್ಕೆ ಮೊಳೆವಲ್ಲಿಗೂ ಕಾಲು ಮೊಳೆವಲ್ಲಿಗೂ ನಡುವೆ,
ಏನೂ ಮೊಳೆಯಬಾರದ ಪಕ್ಕೆಯಲ್ಲಿ ಇಡಬೇಕು.
ವಾರದೊಳಗೆ ಅಲ್ಲೊಂದು ಹೆಚ್ಚಿನ ಕಾಲು, ಬೆರಳುಗಳ ಸಮೇತ.
ಹೊಸ ಹುಡುಗ ಟಾರ್ಕ್ವಿಲ್ ಬಾಗಿ ನೋಡಿ,
"ಅಂದರೆ ಇದು 'ಬೆಳೆ' ಅನ್ನುವ ಗುಂಡಿ, ಅಷ್ಟೇ ತಾನೇ?"

ಇಶ್ಬೆಲ್ ಚಿಮಟ ಕೆಳಗಿಡುತ್ತಾಳೆ.

"ಅದೇ ಮನೆತನದ ಮೂರನೆಯವಳು
ಉದ್ದೆಲುಬಿನ ತುದಿಯ ಮೃದ್ವಸ್ಥಿಯಲ್ಲಿ ಕೂತು
'ಸಾಕು' ಅನ್ನುತ್ತಾಳೆ. ಅನ್ನಲೇಬೇಕು;
ಇಲ್ಲವಾದರೆ ಬೆನ್ನು ಬಳ್ಳಿಯಂತೆ ಡೊಂಕಾಗಿ ಹಬ್ಬೀತು.
ನನ್ನಲ್ಲಿ, ಎಂಟುನೂರು ಮಣಿಯ ಸರದಲ್ಲಿ
ಮುನ್ನೂರ ಎಂಬತ್ತನೆಯದು ಬೇರೆ.
ಗೋಡೆಯೊಳಗೆ ಹುಗಿದಿರುತ್ತದಲ್ಲ, ಆ ಜಾಗದ್ದು.
ಅಷ್ಟಕ್ಕೇ ಅವಳು ಬಾಯಿ ಮುಚ್ಚುವುದಿಲ್ಲ.

ಹಿಲ್‌ಟೌನಿನಲ್ಲಿ ನಮ್ಮದು ನಾಲ್ಕನೇ ಮಹಡಿ.
ಗಂಟೆಯ ಗುಂಡಿ ಎಟುಕುತ್ತಿರಲಿಲ್ಲ ಅಂತ
ಅಪ್ಪ ಅದಕ್ಕೊಂದು ಎಳೆಗೋಲು ಹಾಕಿ, ಗಿರಣಿಯ ಸೆಣಬಿನ ಹುರಿ ಕಟ್ಟಿದ,
ಕೆಳಗಿನ ಮೊಳೆಗೆ ಬಿಗಿದು.
ಒಂದು ನವೆಂಬರಿನ ತೇವಕ್ಕೆ ಹುರಿ ಸೆಟೆದು ಗಿಡ್ಡಾಯಿತು ನೋಡು,
ನಡುರಾತ್ರಿ ಗಂಟೆ ಹಿಡಿದುಕೊಂಡಿತು.
ಎದುರುಮನೆಯ ಮಿಸೆಸ್ ಗೌರ್ಲೆ ಬೈಯುತ್ತ ಬಂದಳು,
ಅಪ್ಪ ಕದ ತೆಗೆದ, ಮುಚ್ಚಿದ, ಮತ್ತೆ ತೆಗೆದ.
ಹೊರಗೆ ಯಾರೂ ಇಲ್ಲ.
ಕೊನೆಗೆ ಅಡುಗೆಚಾಕು ತಂದು ಹುರಿ ಕೊಯ್ದ.
ನನ್ನ ಎಲುಬಿಗೆ ಆ ಚಾಕು ಇರಲಿಲ್ಲ.
ಈಗ ಮಕ್ಕಳಿಗೆ ದಿನಕ್ಕೊಂದು ಸೂಜಿ ಇದೆ.
ಆಗ ಇದ್ದಿದ್ದರೆ ಚುಚ್ಚಿಸಿಕೊಳ್ಳುತ್ತಿದ್ದೆನೇ?
ಒಂದೊಂದು ದಿನ ಹೌದು ಅನ್ನಿಸುತ್ತದೆ.
ಬಸ್ಸಿನ ಹಿಡಿಕೆ ನೋಡಿದ ದಿನ."

ಹುಡುಗ ಏನೋ ಹೇಳಹೊರಟು ಕನ್ನಡಕ ಒರೆಸಿಕೊಂಡ.

ಇಪ್ಪತ್ತೊಂಬತ್ತು ಕಿಟಕಿಗೆ ಟೇಪು ಬಿತ್ತು, ತಾರೀಖು ಬಿತ್ತು.
ಕೊನೆಯದಕ್ಕೆ ಬರೀ ಉಪ್ಪುನೀರಲ್ಲಿ ನೆನೆದ ಮಣಿ, ಹೋಲಿಕೆಗೆ.
ಅಲ್ಲಿ ಯಾರೂ ಕದ ತಟ್ಟುವುದಿಲ್ಲ;
ಪಕ್ಕೆ ಪಕ್ಕೆಯಾಗಿಯೇ ಉಳಿಯುತ್ತದೆ.
ಅದನ್ನು ಮಾತ್ರ ಅವಳು ತುಸು ಹೆಚ್ಚು ಹೊತ್ತು ಕೈಯಲ್ಲಿಟ್ಟುಕೊಂಡಳು.

ಆಮೇಲೆ ಇಳಿದು, ಸ್ಟೂಲನ್ನು ಕಾಲಿಂದ ಮೇಜಿನಡಿ ತಳ್ಳಿ,
"ಚಹಾ?" ಅಂದಳು.
ಕಪ್ಪುಗಳು ಮೇಲಿನ ಬೀರುವಿನಲ್ಲಿದ್ದವು.
ಟಾರ್ಕ್ವಿಲ್ ಕೈ ಎತ್ತಲೋ ಬೇಡವೋ ಎಂದು ನಿಂತಿದ್ದ.
"ತೆಗಿ ಮಾರಾಯ," ಅಂದಳು, "ಉದ್ದ ಇದ್ದೀಯಲ್ಲ."